ಒಡಪಿಲ್ಲದೆ ಹೇಳಿದ ಹೆಸರು

ಈಗ ಊರೂರಿನ ಮಹಿಳಾ ಮಂಡಳದವರು ನನ್ನನ್ನು ಕರೆಯುತ್ತಾರೆ. ಮೈಕಿನ ಮುಂದೆ ನಿಲ್ಲಿಸಿ, ‘ನಿಮ್ಮ ಅನುಭವ ಹೇಳ್ರಿ’ ಎನ್ನುತ್ತಾರೆ. ಹೇಳುತ್ತೇನೆ. ಪತ್ರಿಕೆಯವರು ಕೇಳಿದರೆ ಅದನ್ನೇ ಬರೆದೂ ಕೊಡುತ್ತೇನೆ. ಚಪ್ಪಾಳೆ ಬೀಳುತ್ತದೆ, ಶಾಲು ಹೊದಿಸುತ್ತಾರೆ. ಮೊದಲ ಸಲ ನಾಲ್ಕು ಮಂದಿಯ ಎದುರು ನನ್ನ ಕಥೆ ಹೇಳಿದಾಗ ಮಾತ್ರ ಯಾರೂ ಚಪ್ಪಾಳೆ ತಟ್ಟಲಿಲ್ಲ. ಅದು ಮಸ್ಕಿಯಲ್ಲಿ, ಒಂದು ಕುಬಸದ ಮನೆಯಲ್ಲಿ, ಬಸುರಿಗೆ ಉಡಿ ತುಂಬುವ ದಿನ.

ನನ್ನ ತವರು ಗುರುಗುಂಟಾ. ಮದುವೆಯಾದವನು ಕಾಲುವೆ ಕೆಲಸದ ಮೇಸ್ತ್ರಿ. ತುಂಗಭದ್ರೆಯ ನೀರು ಸಿಂಧನೂರು ಸೀಮೆಗೆ ಇಳಿಯುತ್ತಿದ್ದ ಕಾಲವದು; ಗುದ್ದಲಿ ಹಿಡಿದವನಿಗೆಲ್ಲ ಕೆಲಸವಿತ್ತು. ಯುಗಾದಿಗೆ ಬರುತ್ತೇನೆಂದು ಹೋದವನು ಬರಲಿಲ್ಲ. ಮುಂದಿನ ಯುಗಾದಿಗೂ ಇಲ್ಲ. ಮಣ್ಣು ಕುಸಿದು ಸತ್ತನೆಂದರು ಕೆಲವರು, ಆಂಧ್ರಕ್ಕೆ ಹೋದನೆಂದರು ಕೆಲವರು. ಕಣ್ಣಾರೆ ಕಂಡವರು ಒಬ್ಬರೂ ಇರಲಿಲ್ಲ. ಅಷ್ಟಿಷ್ಟು ಓದಿದ್ದೆನಾದ್ದರಿಂದ ಮಸ್ಕಿಯ ಶಾಲೆಯಲ್ಲಿ ಕೆಲಸ ಸಿಕ್ಕಿತು. ಒಬ್ಬ ಕಾಳಿನ ವ್ಯಾಪಾರಿಯ ಮನೆಯ ಹಿಂದಿನ ಖೋಲಿಯಲ್ಲಿ ಬಾಡಿಗೆಗಿದ್ದೆ.

ಒಂಟಿತನ ಎಂದರೆ ಮಾತಿಗೆ ಜನರಿಲ್ಲದಿರುವುದು ಎಂದುಕೊಂಡಿದ್ದೆ. ಶಾಲೆಯಲ್ಲಿ ದಿನವಿಡೀ ಮಾತೇ ಇತ್ತು. ಬೆಳಿಗ್ಗೆ ಕುಂಕುಮದ ಭರಣಿ ತೆರೆದಾಗ ಬೆರಳು ನಿಲ್ಲುತ್ತಿತ್ತಲ್ಲ, ಅದು ಒಂಟಿತನ. ನಾನು ಮುತ್ತೈದೆಯೋ ವಿಧವೆಯೋ ಎನ್ನುವುದು ನನಗೇ ಗೊತ್ತಿರಲಿಲ್ಲ. ಅವನು ಇದ್ದಾನೋ ಇಲ್ಲವೋ ಎಂಬ ಒಂದು ಮಾತು ತಿಳಿದರೆ ಸಾಕಿತ್ತು. ಅಳುವುದೋ ಬೈಯುವುದೋ ಆಮೇಲೆ ನೋಡಿಕೊಳ್ಳುತ್ತಿದ್ದೆ.

ಮಾಲೀಕರ ಮಗಳು ಬಸುರಿಯಾಗಿ ತವರಿಗೆ ಬಂದಳು. ಏಳು ತಿಂಗಳಿಗೆ ಕುಬಸ ಮಾಡಿ, ಹಸಿರು ಸೀರೆ ಉಡಿಸಿ, ಉಡಿ ತುಂಬಿದರು. ಬಾಡಿಗೆಯವಳೆಂದು ನನ್ನನ್ನೂ ಕರೆದಿದ್ದರು. ನಮ್ಮ ಕಡೆ ಹೆಂಗಸರು ಗಂಡನ ಹೆಸರನ್ನು ಬಾಯಲ್ಲಿ ಆಡುವುದಿಲ್ಲ. ಇಂಥ ದಿನ ಮಾತ್ರ ಒಡಪು ಕಟ್ಟಿ, ಪ್ರಾಸದ ಎರಡು ಸಾಲಿನೊಳಗೆ ಅಡಗಿಸಿ ಹೇಳಬೇಕು. ಒಬ್ಬಳು ಒಡಪಿನೊಳಗೆ ಕಾಲುವೆಯ ನೀರು ತಂದಳು, ಇನ್ನೊಬ್ಬಳು ಭತ್ತದ ಗದ್ದೆ ತಂದಳು, ಎಲ್ಲರ ಗಂಡಂದಿರ ಹೆಸರೂ ಕೊನೆಯ ಸಾಲಿಗೆ ಬಂದು ಕೂತವು. ನಗು, ಕೇಕೆ. ಸರದಿ ನನ್ನದಾಯಿತು.

“ಅಕ್ಕೋರ, ನಿಮ್ಮ ಮನಿಯವರ ಹೆಸರು ಹೇಳ್ರಿ. ಓದಿದವ್ರು, ಒಡಪು ದೊಡ್ಡದ ಇರಬೇಕು,” ಎಂದಳು ಮಾಲೀಕರ ಹೆಂಡತಿ.

ಕೆಣಕಲು ಅಂದದ್ದಲ್ಲ, ಪ್ರೀತಿಯಿಂದಲೇ ಅಂದಳು. ನನಗೆ ಮಾತ್ರ ಎಲ್ಲಿಲ್ಲದ ಸಿಟ್ಟು ಬಂತು. ಇರುವವನಿಗೆ ಒಡಪು ಕಟ್ಟಬಹುದು. ಇದ್ದಾನೋ ಇಲ್ಲವೋ ಗೊತ್ತಿಲ್ಲದವನಿಗೆ ಯಾವ ಪ್ರಾಸ ಹುಡುಕಲಿ? ಹೆಸರನ್ನು ಬರಿದೇ ಹೇಳಿಬಿಟ್ಟೆ, ಶಾಲೆಯ ಹಾಜರಿ ಕೂಗಿದ ಹಾಗೆ. ಆಮೇಲೆ ತಡೆಯಲಾಗಲಿಲ್ಲ. ಅವನ ಊರು, ಕೆಲಸ, ಹೋದ ದಿನ ಉಟ್ಟಿದ್ದ ಧೋತ್ರ, ನಾನು ಕಾದದ್ದು, ದಿನಾ ಕುಂಕುಮ ಹಚ್ಚಿಕೊಳ್ಳುವಾಗ ಆಗುವುದು, ಎಲ್ಲವನ್ನೂ ಹೇಳಿದೆ.

ಒಬ್ಬ ಮುದುಕಿ ಸೆರಗಿನಿಂದ ಕಿವಿ ಮುಚ್ಚಿಕೊಂಡಳು. ಹೆಸರು ಹಿಡಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎಂಬ ಭಯ. ಬಸುರಿ ಅಳತೊಡಗಿದಳು. ಅವಳನ್ನು ಒಳಗೆ ಕರೆದೊಯ್ದು ಉಪ್ಪು, ಮೆಣಸಿನಕಾಯಿ ನಿವಾಳಿಸಿದರು. ಆ ಮೆಣಸಿನಕಾಯಿಯ ಘಾಟು ಹೊರಗೆ ಕೂತಿದ್ದ ನನಗೂ ಬಂತು.

ಅಂದಿನಿಂದ ಆ ಓಣಿಯಲ್ಲಿ ಯಾರೂ ನನ್ನನ್ನು ಅರಿಷಿಣ ಕುಂಕುಮಕ್ಕೆ ಕರೆಯಲಿಲ್ಲ. ಮಕ್ಕಳ ಪರೀಕ್ಷೆಯ ವಿಷಯಕ್ಕಷ್ಟೇ ಮಾತಾಡಿಸುತ್ತಿದ್ದರು. ಹಬ್ಬದ ದಿನ ಒಬ್ಬಳಿಗಾಗಿ ಹೂರಣ ರುಬ್ಬುವುದೆಂಥದು ಎಂದು ಬರಿ ಅನ್ನ, ಸಾರು ಮಾಡಿ ಉಣ್ಣುತ್ತಿದ್ದೆ. ನನ್ನನ್ನು ಕರೆಯದಿದ್ದವರು ನನ್ನ ಕಥೆಯನ್ನು ಮಾತ್ರ ಬಿಟ್ಟಿರಲಿಲ್ಲ. ಅದು ಸಂತೆಗೆ ಹೋಯಿತು, ಬಸ್ಸು ಹತ್ತಿ ಲಿಂಗಸುಗೂರಿಗೆ ಹೋಯಿತು, ಸಿಂಧನೂರಿಗೂ ಹೋಯಿತು. ಹೆಸರು ಹೇಳಿದ್ದೇ ದೊಡ್ಡ ಸುದ್ದಿಯಾದ್ದರಿಂದ ಹೋದಲ್ಲೆಲ್ಲ ಹೆಸರೂ ಜೊತೆಗೆ ಹೋಯಿತು.

ಒಂದು ರವಿವಾರ ಮಧ್ಯಾಹ್ನ ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ನನಗಿಂತ ಚಿಕ್ಕವಳು. ಮೊದಲು ನನ್ನ ಪಾದ ನೋಡಿದಳು, ಆಮೇಲೆ ಮುಖ. ಪಾದ ಹಿಂದುಮುಂದಾಗಿವೆಯೋ ಎಂದು ನೋಡಿದ್ದಳಂತೆ, ದೆವ್ವಕ್ಕೆ ಹಾಗಿರುತ್ತದಲ್ಲ.

“ಸಿಂಧನೂರಿನ್ಯಾಕಿ ರೀ,” ಎಂದಳು. “ನೀವು ಹೇಳಿದ ಹೆಸರು ನಮ್ಮನಿಯವ್ರದು. ಊರೂ ಅದ, ಕೆಲಸಾನೂ ಅದ.”

“ಬದುಕ್ಯಾನ?”

“ಛಲೋ ಅದಾರ್ರೀ. ನೀವು ಬಾಣಂತನದಾಗ ತೀರಿಕೊಂಡೀರಿ ಅಂತ ಹೇಳಿ ನನ್ನ ಮದಿವಿ ಆಗ್ಯಾರ.”

ನಾನು ಬಸುರಿಯೇ ಆಗಿರಲಿಲ್ಲ. ನನ್ನನ್ನು ಸಾಯಿಸಲೆಂದೇ ಇಲ್ಲದ ಮಗುವನ್ನು ಹುಟ್ಟಿಸಿದ್ದ. ಇಷ್ಟು ವರ್ಷ ಬಸ್ಸಿನಲ್ಲಿ ಹೋಗಿಬರುವಷ್ಟು ದೂರದಲ್ಲಿ ಉಂಡು ಮಲಗಿದ್ದ. ಬೇಕಾಗಿದ್ದ ಒಂದು ಮಾತು ಸಿಕ್ಕಿತ್ತು, ಅದನ್ನು ಇಟ್ಟುಕೊಂಡು ಏನು ಮಾಡಬೇಕೆಂದೇ ತಿಳಿಯಲಿಲ್ಲ. ಅವಳಿಗೆ ನೀರು ಕೊಟ್ಟೆ.

ಅವಳು ನೀರು ಕುಡಿಯಲಿಲ್ಲ. ಚೊಂಬು ಹಿಡಿದೇ ಹೇಳಿದಳು. ಎರಡನೆಯವಳಾಗಿ ಬಂದವಳು ಸತ್ತ ಮೊದಲನೆಯವಳನ್ನು ಪೂಜಿಸಬೇಕು, ಇಲ್ಲದಿದ್ದರೆ ಅವಳು ಕಾಡುತ್ತಾಳೆ. ಅದಕ್ಕೇ ಪ್ರತಿ ವರ್ಷ, ಸತ್ತ ಹಿರಿಯರಿಗೆ ಎಡೆ ಇಡುವ ಮಾನಮಿ ಅಮಾವಾಸ್ಯೆಗೆ, ನನ್ನ ಹೆಸರಲ್ಲಿ ಸೀರೆ ಇಟ್ಟು, ಎಡೆ ಹಿಡಿದು, ನಾನು ಉಂಡೆನೆಂದು ತಿಳಿದ ಮೇಲೇ ಮನೆಮಂದಿ ಉಣ್ಣುವುದು.

“ನಂಗ ಏನೇನು ಎಡಿ ಹಿಡೀತಿ?” ಎಂದು ಕೇಳಿದೆ. ಅದನ್ನು ಯಾಕೆ ಕೇಳಿದೆನೋ.

“ಹೋಳಿಗಿ, ಕಟ್ಟಿನ ಸಾರು, ಬದನಿಕಾಯಿ ಪಲ್ಯ. ನಿಮಗೇನು ಸೇರ್ತಿತ್ತು ಅಂತ ಅವ್ರನ್ನ ಕೇಳಿದ್ದೆ, ನೆನಪಿಲ್ಲ ಅಂದ್ರು. ಅದಕ್ಕ ನಂಗ ಸೇರೋದ ಮಾಡ್ತೀನ್ರಿ.” ಚೊಂಬು ಕೆಳಗಿಟ್ಟು ಮುಂದುವರಿಸಿದಳು, “ಬದುಕಿದವ್ರಿಗೆ ಎಡಿ ಹಿಡಿದ್ರ ಕೇಡಂತ. ಇನ್ನ ಮುಂದ ಹಿಡೀಲೋ ಬ್ಯಾಡೋ? ಅದನ್ನ ಕೇಳಾಕ ಬಂದೀನ್ರಿ.”

ಜಗಳಕ್ಕೆ ಬಂದಿದ್ದರೆ ಜಗಳವಾಡುತ್ತಿದ್ದೆ. ಅತ್ತಿದ್ದರೆ ಹೊರಗೆ ಹಾಕುತ್ತಿದ್ದೆ. ಇಷ್ಟು ವರ್ಷ ಹಬ್ಬದ ದಿನ ನಾನು ಒಬ್ಬಳೇ ಗೋಡೆಯ ಕಡೆ ಮುಖ ಮಾಡಿ ಉಂಡೆ ಎಂದುಕೊಂಡಿದ್ದೆ. ಆಗೆಲ್ಲ ಸಿಂಧನೂರಿನ ಒಂದು ಮನೆಯಲ್ಲಿ ನನಗಾಗಿ ಒಲೆ ಹೊತ್ತಿತ್ತು; ನಾನು ಉಣ್ಣಲಿ ಎಂದು ಒಬ್ಬಳು ಹಸಿದು ಕೂತಿದ್ದಳು. ಈ ಲೋಕದಲ್ಲಿ ನನ್ನ ಊಟಕ್ಕೆ ಕಾದವಳು ಅವಳೊಬ್ಬಳೇ, ಅದೂ ನಾನು ಸತ್ತಿದ್ದೇನೆ ಎಂದು.

“ಹಿಡಿ,” ಎಂದೆ. “ಬದನಿಕಾಯಿ ಮಾತ್ರ ಬ್ಯಾಡ. ನಂಗ ಸೇರೂದಿಲ್ಲ.”