ಲಾಂಚಿನ ಬೋರ್ಡಿನಲ್ಲಿ ನನ್ನ ಹೆಸರು

ಹೇಮಾವತಿ ಹಿನ್ನೀರಿನಲ್ಲಿ ಹನ್ನೆರಡು ವರ್ಷ ಲಾಂಚು ಓಡಿಸಿದ ಪುಟ್ಟಸ್ವಾಮಿ ನಾನೇ. ನನಗೆ ಈಜು ಬರುವುದಿಲ್ಲ. ಇನ್ನೊಬ್ಬರು ಹೇಳಿ ಮಾನ ಕಳೆಯುವುದಕ್ಕಿಂತ ನಾನೇ ಕಳೆದುಕೊಳ್ಳುವುದು ಮೇಲು. ಅರಕಲಗೂಡಿನಲ್ಲಿ ಲಾರಿ ಓಡಿಸಿಕೊಂಡಿದ್ದೆ. ಡೀಸೆಲ್ ಇಂಜಿನ್ ಗೊತ್ತು ಅಂದಿದ್ದಕ್ಕೆ ೧೯೯೦ರಲ್ಲಿ ಈ ಕೆಲಸ ಕೊಟ್ಟರು. ನೀರು ಗೊತ್ತಾ ಅಂತ ಯಾರೂ ಕೇಳಲಿಲ್ಲ, ನಾನೂ ಬಾಯಿ ಬಿಡಲಿಲ್ಲ.

ಲಾಂಚು ಹಳೇ ಕಾಲದ್ದು. ಅಣೆಕಟ್ಟು ಕಟ್ಟುವಾಗ ಕಲ್ಲು ತುಂಬಿದ ತೆಪ್ಪ ಎಳೆಯಲು ತಂದದ್ದಂತೆ. ನನ್ನ ಕಾಲಕ್ಕೆ, ಡ್ರಮ್ಮುಗಳ ಮೇಲೆ ಹಲಗೆ ಹೊಡೆದ ಒಂದು ದೊಡ್ಡ ತೆಪ್ಪವನ್ನು ಆ ದಡದಿಂದ ಈ ದಡಕ್ಕೆ ಎಳೆಯುತ್ತಿತ್ತು. ಎಮ್ಮೆ, ತೆಂಗಿನಕಾಯಿ ಮೂಟೆ, ಸ್ಕೂಟರು, ಮೇಷ್ಟರುಗಳು, ಎಲ್ಲ ಅದರ ಮೇಲೇ. ತೆಪ್ಪದಲ್ಲಿ ನಿಂತು ಹಗ್ಗ ನೋಡಿಕೊಳ್ಳುತ್ತಿದ್ದವನು ಚೆನ್ನಯ್ಯ. ಹೊಳೆದಂಡೆಯಲ್ಲೇ ಬೆಳೆದವನು, ನನ್ನ ಯೋಗ್ಯತೆ ಮೊದಲ ದಿನವೇ ಅವನಿಗೆ ತಿಳಿದುಹೋಗಿತ್ತು.

೧೯೯೪ರ ಜೂನ್. ನುಗ್ಗೇಹಳ್ಳಿ ಕಡೆಯ ಮದುವೆ ದಿಬ್ಬಣ, ಮೂವತ್ತೊಂದು ಜನ, ತೆಪ್ಪ ಹತ್ತಿದರು. ನಡುನೀರಿನಲ್ಲಿ ಗಾಳಿ ಎದ್ದಿತು. ಗಾಳಿಗೆ ಅಡ್ಡವಾಗಿ ಹೋಗಬಾರದು ಅಂತ ಚೆನ್ನಯ್ಯ ಕೂಗುತ್ತಿದ್ದ. ಎಂದಿನ ಜಾಗಕ್ಕೇ ಮುಟ್ಟಿಸುತ್ತೇನೆ ಅಂತ ನಾನು ಮೊಂಡುಬಿದ್ದು ಸ್ಟೇರಿಂಗು ತಿರುಗಿಸುತ್ತಲೇ ಇದ್ದೆ. ತೆಪ್ಪ ಒಂದು ಕಡೆಗೆ ವಾಲಿತು, ಹೆಂಗಸರು ಕಿರುಚಿಕೊಂಡರು. ಹೊಳೆನರಸೀಪುರದ ನರಸಿಂಹಸ್ವಾಮಿ ನೆನಪಾದ. ದೇವರಿಗೆ ಒಂದೇ ಕೈಯಲ್ಲಿ ಮುಗಿಯುವುದುಂಟೇ? ಎರಡೂ ಕೈ ಎತ್ತಿ ಮುಗಿದು, ಕಣ್ಣು ಮುಚ್ಚಿಬಿಟ್ಟೆ. ಸ್ಟೇರಿಂಗು ಗಿರ್ರನೆ ತಿರುಗಿತು. ಲಾಂಚು ಗಾಳಿಯ ಜೊತೆಗೇ ಹೋಗಿ, ತೆಪ್ಪವನ್ನೂ ಎಳೆದುಕೊಂಡು, ದೂರದ ಕೆಸರು ದಡಕ್ಕೆ ಮೂತಿ ಊರಿ ನಿಂತಿತು.

ಮದುಮಗನ ಅಪ್ಪ ತಮ್ಮ ಕೊರಳಿನ ಹಾರ ತೆಗೆದು ನನಗೆ ಹಾಕಿದರು. ನಾಚಿಕೆ ಬಿಟ್ಟು ಹಾಕಿಸಿಕೊಂಡೆ. ಸಂಜೆ ಚೆನ್ನಯ್ಯ ಬೀಡಿ ಹಚ್ಚಿಕೊಂಡು, "ನೀನು ಕೈ ಬುಟ್ಟಿದ್ಕೆ ಉಳ್ಕಂಡ್ವಿ ಕಣ್ಲಾ. ಇಡ್ಕಂಡಿದ್ರೆ ಎಲ್ರೂ ಮುಳುಗೋಯ್ತಿದ್ವಿ" ಅಂದ. ಯಾರಿಗೂ ಹೇಳಬೇಡವೆಂದು ಅವನಿಗೆ ದುಂಬಾಲು ಬಿದ್ದೆ. ಪುಣ್ಯಾತ್ಮ, ಸಾಯುವ ತನಕ ಹೇಳಲಿಲ್ಲ.

೨೦೦೨ರಲ್ಲಿ ಸೇತುವೆ ಆಯಿತು, ಲಾಂಚು ಗುಜರಿಗೆ ಅಂದರು. ಹೆಂಡತಿ ಮಕ್ಕಳಿಗಿಂತ ಹೆಚ್ಚು ಹೊತ್ತು ಅದರ ಜೊತೆ ಕಳೆದಿದ್ದೆ. ಆಗ ವಸಿಷ್ಠ ಅಂತ ಹೊಸ ಇಂಜಿನಿಯರ್ ಬಂದರು. ದಿಬ್ಬಣದ ಕತೆ ಕೇಳಿ ಮೇಲಿನವರಿಗೆ ಬರೆದು, ಆಫೀಸಿನ ಮುಂದಿನ ಪಾರ್ಕಿನಲ್ಲಿ ಲಾಂಚು ಇಡಲು ಒಪ್ಪಿಗೆ ತರಿಸಿದರು. ನನ್ನ ಹೆಂಡತಿ ಜಯಲಕ್ಷ್ಮಮ್ಮ ಚನ್ನರಾಯಪಟ್ಟಣದ ನೆಂಟರನ್ನೆಲ್ಲ ಸಮಾರಂಭಕ್ಕೆ ಕರೆದಳು.

ಹಿಂದಿನ ದಿನ ಇಂಜಿನಿಯರು ಬೋರ್ಡು ತೋರಿಸಿದರು. 'ಧೀರ ಚಾಲಕ ಪುಟ್ಟಸ್ವಾಮಿ' ಅಂತ ಮೇಲೆ ದಪ್ಪಕ್ಷರ. ಲಾಂಚಿನ ಪ್ರಸ್ತಾಪ ಕೊನೆಯ ಸಾಲಿನಲ್ಲಿ. ನಿಜ ಹೇಳಿದರೆ ಲಾಂಚು ಗುಜರಿಗೆ ಹೋದೀತು. ಹೇಳದಿದ್ದರೆ ಅದು ಮಾಡಿದ ಕೆಲಸವನ್ನು ನಾನು ಜೀವನಪೂರ್ತಿ ತಿಂದಂತೆ. ಇಷ್ಟು ದಿನ ಅರಗಿದ್ದು ಅವತ್ತು ಅರಗಲಿಲ್ಲ. ಒಂದೂ ಬಿಡದೆ ಹೇಳಿಬಿಟ್ಟೆ, ಕೈ ಮುಗಿದಿದ್ದನ್ನೂ.

ವಸಿಷ್ಠ ಬೋರ್ಡನ್ನು ಇನ್ನೊಮ್ಮೆ ಓದಿದರು. ಆಮೇಲೆ, "ಹಾಗಾದ್ರೆ ಜನ ಉಳಿಸಿದ್ದು ಲಾಂಚು, ನೀವಲ್ಲ. ಅದನ್ನ ಇಟ್ಕೊಳ್ಳೋಕೆ ಇನ್ನೇನ್ರೀ ಕಾರಣ ಬೇಕು?" ಅಂದು ಪೇಂಟರನ್ನು ಕರೆಸಿದರು. ಅವನು ಬಣ್ಣದ ಒಂದೇ ಪಟ್ಟಿ ಎಳೆದು ನನ್ನನ್ನು ಅಳಿಸಿಹಾಕಿದ.

ಮನೆಯಲ್ಲಿ ಹೇಳುವ ಧೈರ್ಯ ಮಾತ್ರ ಬರಲಿಲ್ಲ, ಧೀರನಲ್ಲವೇ. ಮಾರನೆಯ ದಿನ ಜಯಲಕ್ಷ್ಮಮ್ಮ ಹೊಸ ಸೀರೆಯುಟ್ಟು ನೆಂಟರ ಮುಂದೆ ಬೋರ್ಡನ್ನು ಎರಡು ಸಲ ಓದಿದಳು. ನನ್ನ ಹೆಸರು ಎಲ್ಲಿ ಅಂತ ಕೇಳಿದಳು. ಅಲ್ಲೇ, ಎಲ್ಲರೆದುರೇ ಹೇಳಬೇಕಾಯಿತು. ನೆಂಟರು ಮುಸಿಮುಸಿ ನಕ್ಕರು.

ಅವಳು ನಗಲಿಲ್ಲ. ಲಾಂಚಿನ ಹತ್ತಿರ ಹೋಗಿ, ಹೊಸ ಬಣ್ಣದ ಮೈ ಸವರಿ, "ಇವ್ರುನ್ನ ಮನೆಗ್ ಕಳಿಸ್ದ್ಯಲ್ಲವ್ವಾ, ನಂಗದೇ ಸಾಕು" ಅಂದಳು.

ನೆಂಟರ ಜೊತೆ ನಾನೂ ನಗಲು ಹೋಗಿ ಗೊಳೋ ಅಂತ ಅತ್ತುಬಿಟ್ಟೆ.