ಕೆಸರು ಅಂದೆ, ಗೋಡು ಅನ್ನಲಿಲ್ಲ

ಶಿಡ್ಲಘಟ್ಟದಾಚೆಗಿನ ನಮ್ಮೂರ ಕೆರೆಯ ತಳದ ಮಣ್ಣಿನಲ್ಲಿ ವಿಷ ಎಷ್ಟಿದೆ, ಅದರಿಂದ ಯಾವ ಜೀವಕ್ಕೆ ಅಪಾಯ ಎಂದು ವರದಿ ಬರೆದವಳು ನಾನೇ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಮೇಲಿನ ಬಣ್ಣದ ಕಾರ್ಖಾನೆಯೊಂದರ ನೀರು ವರ್ಷಗಟ್ಟಲೆ ಅಲ್ಲಿಗೇ ಹರಿದಿತ್ತು. ನಮ್ಮ ಪ್ರಯೋಗಾಲಯಕ್ಕೆ ಕೆಲಸ ಬಂದಾಗ, ಊರಿನವಳಲ್ಲವೇ ಎಂದು ನನ್ನನ್ನೇ ಕಳಿಸಿದರು. ಮೊಣಕಾಲುದ್ದ ಇಳಿದು, ಕೊಳವೆ ಊರಿ, ಕರ್ರಗಿನ ಮಣ್ಣು ತೆಗೆದೆ. ಕ್ರೋಮಿಯಂ ಸಿಕ್ಕಿತು, ಸೀಸವೂ ಸಿಕ್ಕಿತು. ಮೀನು, ಬಸವನಹುಳು, ಕೊಕ್ಕರೆ, ಎಲ್ಲದರ ಕಾಲಂ ತುಂಬಿದೆ. ಕೊನೆಗೆ ಉಳಿದದ್ದು ಒಂದೇ ಪ್ರಶ್ನೆ: ಕೆರೆಯ ಕೆಸರನ್ನು ಜನ ಬಳಸುತ್ತಾರೆಯೇ?

ಕಟ್ಟೆಯ ಮೇಲಿದ್ದವರೆಲ್ಲ ಇಲ್ಲವೆಂದರು. ಹಿಪ್ಪುನೇರಳೆ ತೋಟವಿಟ್ಟು ರೇಷ್ಮೆಹುಳು ಸಾಕುವ ನನ್ನ ಚಿಕ್ಕಮ್ಮನನ್ನೂ ಕೇಳಿದೆ. ಥೂ, ಕೆಸರನ್ನ ಯಾರು ಮುಟ್ತಾರಮ್ಮ ಎಂದು ನಕ್ಕಳು. ದಡದಾಚೆಗೆ ಅಪಾಯ ಕಡಿಮೆ ಎಂದು ಬರೆದು ಸಹಿ ಹಾಕಿದೆ.

ಬೇಸಿಗೆಗೆ ಕೆರೆ ಒಣಗಿತು. ಒಣಗಿದರೆ ನಮ್ಮ ಕಡೆ ಅದು ಕೆಸರಲ್ಲ, ಗೋಡು. ಗೋಡು ಅಂದರೆ ಬಂಗಾರ. ಟ್ರಾಕ್ಟರಿಗೆ ತುಂಬಿ ಗೊಬ್ಬರವೆಂದು ತೋಟಕ್ಕೆ ಹೊಡೆಸುತ್ತಾರೆ. ಚಿಕ್ಕವಳಿದ್ದಾಗ ಆ ರಾಶಿಗಳ ಮೇಲೆ ಕುಣಿದವಳು ನಾನು! ಓದಿ ಓದಿ ಮರುಳಾದ ಕೂಚುಭಟ್ಟ ಅನ್ನುವುದು ನನ್ನಂಥವರಿಗೇ.

ಗೋಡು ಹೊಡೆಸಿದ ತೋಟದ ಸೊಪ್ಪು ತಿಂದ ಚಿಕ್ಕಮ್ಮನ ಹುಳುಗಳು ನಾಲ್ಕನೇ ಜ್ವರ ಎದ್ದ ಮೇಲೆ, ಅಂದರೆ ಕೊನೆಯ ಸಲ ಪೊರೆ ಬಿಟ್ಟ ಮೇಲೆ, ತಿನ್ನುವುದನ್ನೇ ನಿಲ್ಲಿಸಿದವು. ಮೂರು ದಿನದಲ್ಲಿ ತಟ್ಟೆ ತಟ್ಟೆಯೂ ಕಪ್ಪಾಗಿ ನಾರಿತು. ಮುಂದಿನ ಬೆಳೆಯೂ ಹಾಗೇ ಹೋಯಿತು. ಗೋಡೇ ಕಾರಣವೆಂದು ನಾನು ಸಾಬೀತು ಮಾಡಲಾರೆ. ಸೊಪ್ಪಿನ ಪರೀಕ್ಷೆ ನಡೆಯದೇ ಹೋದದ್ದೇ ನನ್ನ ವರದಿಯಿಂದ. ತಿದ್ದೋಣ ಎಂದು ಮೇಲಿನವರನ್ನು ಕೇಳಿದೆ. ಫೈಲು ಮುಗಿದಿದೆ, ಸಹಿ ನಿಮ್ಮದೇ ಅಲ್ಲವೇ ಎಂದರು.

ಊರಿಗೆ ಹೋಗಿ ಚಿಕ್ಕಮ್ಮನೆದುರು ಒಪ್ಪಿಕೊಂಡೆ. ಹುಳು ಗೂಡು ಕಟ್ಟಬೇಕಿದ್ದ ಬಿದಿರು ಚಂದ್ರಿಕೆಗಳನ್ನು ಖಾಲಿಯಾಗಿಯೇ ಬಿಸಿಲಿಗೆ ಒರಗಿಸುತ್ತಿದ್ದಳು. ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು.

"ಗೋಡು ಹೊಡೀತೀರಾ ಅಂತ ಕೇಳ್ಬೇಕಿತ್ತು ಕಣಮ್ಮ. ನೀನು ಹೊರಗಿನವ್ರ ಥರ ಕೇಳ್ದೆ. ನಾನೂ ಹೊರಗಿನವ್ರಿಗೆ ಹೇಳೋ ಥರ ಹೇಳ್ದೆ."

ಮುದ್ದೆ ತಿನ್ನಿಸದೆ ಯಾವತ್ತೂ ಕಳಿಸಿದವಳಲ್ಲ. ಆವತ್ತು ಕೂರು ಅಂತಲೂ ಅನ್ನಲಿಲ್ಲ.