ನಿಲ್ಲದ ಬಸ್ಸು, ಜಗಲಿಯ ವಾದ

ಹೆಂಗಸರಿಗೆ ಬಸ್ಸು ಉಚಿತವಾದ ಮೇಲೆ ನಾನು ತಿ. ನರಸೀಪುರದ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದೆ. ನಮ್ಮೂರು ನಂಜನಗೂಡಿನಿಂದ ಅಲ್ಲಿಗೆ ಹೋಗುವ ದಾರಿಯಲ್ಲಿದೆ. ಮೊದಮೊದಲು ಎಲ್ಲ ಚೆನ್ನಾಗಿತ್ತು. ಆಮೇಲೆ ಬೆಳಗಿನ ಬಸ್ಸಿಗೆ ಹೊಸ ಡ್ರೈವರ್ ಬಂದ. ಸ್ಟಾಪಿನಲ್ಲಿ ಬರೀ ಹೆಂಗಸರು ಕಂಡರೆ ಅವನು ನಿಲ್ಲಿಸುತ್ತಿರಲಿಲ್ಲ. ಕೈ ಅಡ್ಡ ಹಾಕಿದರೂ ಧೂಳೆಬ್ಬಿಸಿಕೊಂಡು ಹೋಗಿಬಿಡುತ್ತಿದ್ದ. ಹೀಗೇ ತಡವಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದರು ಅಂಗಡಿಯವರು.

ಆ ಸಂಜೆ ಗಂಡ, ಮೈದುನ ಎಂದಿನಂತೆ ಜಗಲಿಯ ಮೇಲೆ ವಾದಕ್ಕೆ ಕೂತಿದ್ದರು. ಗಂಡ ಆಳುವ ಪಕ್ಷದವರು, ಮೈದುನ ವಿರೋಧ ಪಕ್ಷದವನು.

"ಹೆಂಗಸ್ರು ವಸ್ಲು ದಾಟಂಗೆ ಮಾಡಿದ್ದೇ ನಮ್ ಸರ್ಕಾರ ಕಣ್ಲಾ," ಎಂದರು ಗಂಡ.

"ಬಿಟ್ಟಿ ಕೊಟ್ರೆ ಸಮಾನತೆ ಬಂದ್ಬುಡ್ತದಾ? ಅವ್ರ ಕಾಲ್ ಮೇಲೆ ಅವ್ರು ನಿಂತ್ಕಳಂಗೆ ಕೆಲ್ಸ ಕೊಡ್ಬೇಕು," ಎಂದ ಮೈದುನ.

"ನಂಗೆ ಕೆಲ್ಸ ಅದೆ, ಬಸ್ಸೂ ಫ್ರೀ ಅದೆ. ನಿಲ್ಸೋದೇ ಇಲ್ಲ. ನಾಳೆ ಇಬ್ರೂ ಬಂದು ನಮ್ ಜೊತೆ ನಿಂತ್ಕಳಿ," ಎಂದೆ.

ಗಂಡನಿಗೆ ಪಕ್ಷದ ಸಭೆಯಿತ್ತು. ಮೈದುನನಿಗೆ ಗದ್ದೆಗೆ ನೀರು ಕಟ್ಟುವುದಿತ್ತು.

ಮರುದಿನ ನನ್ನ ಜೊತೆ ಸ್ಟಾಪಿಗೆ ಅತ್ತೆ ಬಂದರು, ಮಂಡಿ ನೋವಿನಲ್ಲೇ. ತಿರುವಿನಲ್ಲಿ ಬಸ್ಸು ಕಾಣುತ್ತಲೇ ಸೀದಾ ರಸ್ತೆ ನಡುವೆ ಹೋಗಿ ನಿಂತರು. ಸ್ಟಾಪಿನಲ್ಲಿದ್ದ ಹೆಂಗಸರೆಲ್ಲ ಅವರ ಹಿಂದೆ ನಿಂತೆವು. ಬಸ್ಸು ಕಿರ್ರೆಂದು ನಿಂತಿತು.

"ಏನಮ್ಮೋ, ಸಾಯಕ್ ಬಂದಿದ್ದೀಯಾ?" ಡ್ರೈವರ್ ಕೂಗಿದ.

"ಇಲ್ಲ ಕಣಪ್ಪ, ನನ್ ಸೊಸೆ ಕೆಲ್ಸಕ್ ಓಗ್ಬೇಕು. ಅತ್ತಿಸ್ಕೊ."

ಹತ್ತಿದೆವು. ದುಡ್ಡು ಕೊಟ್ಟವರು ನಿಲ್ಲಬೇಕು, ಬಿಟ್ಟಿಯವರು ಕೂರಬೇಕು ಎಂದು ಒಬ್ಬರು ದಾರಿಯುದ್ದಕ್ಕೂ ಗೊಣಗುತ್ತಿದ್ದರು. ನನಗೂ ಸೀಟು ಸಿಕ್ಕಿರಲಿಲ್ಲ.

ಯಾರೋ ಇದನ್ನೆಲ್ಲ ಮೊಬೈಲಿನಲ್ಲಿ ಹಿಡಿದಿದ್ದರು. ಸಂಜೆ ನಾನು ಮನೆಗೆ ಬಂದಾಗ ಅದೇ ವಿಡಿಯೋ ಜಗಲಿಯಲ್ಲಿ ಓಡುತ್ತಿತ್ತು.

"ನಮ್ ಮನೆಯವ್ರೇ ಇಂಗೆ ಬೀದೀಲಿ ನಿಂತ್ರೆ ಪಕ್ಷದಲ್ಲಿ ನಾನ್ ಎಂಗೆ ಮೊಕ ತೋರ್ಸ್ಲಿ?" ಎಂದರು ಗಂಡ.

ಮೈದುನ ಖುಷಿಯಾಗಿದ್ದ. "ಅತ್ಗೆ, ನಮ್ ಗ್ರೂಪ್‌ಗೆಲ್ಲಾ ಕಳ್ಸಿವ್ನಿ. ಸರ್ಕಾರದ್ ಬಣ್ಣ ಬಯಲಾಯ್ತು!"

ನನಗೆ ಮೈಯೆಲ್ಲ ಉರಿದುಹೋಯಿತು. "ಕೆಲ್ಸ ಉಳೀತಾ ಅಂತ ಒಬ್ರಾದ್ರೂ ಕೇಳಿದ್ರಾ?"

"ಉಳೀತಾ?" ಎಂದರು ಗಂಡ, ಮೊಬೈಲಿನಿಂದ ಕಣ್ಣೆತ್ತದೆ.

ಉಳಿದಿತ್ತು, ಈಗಲೂ ಇದೆ. ಆ ಬಸ್ಸು ಕೆಲವು ವಾರ ನಿಂತಿತು, ಆಮೇಲೆ ಮತ್ತೆ ಹಳೇ ಚಾಳಿ. ನಾನೀಗ ಅದಕ್ಕೂ ಮುಂಚಿನ ಬಸ್ಸಿಗೆ ಹೋಗುತ್ತೇನೆ, ಅದು ನಿಲ್ಲುತ್ತದೆ. ಅದಕ್ಕಾಗಿ ಬೆಳಕು ಹರಿಯುವ ಮೊದಲೇ ಎದ್ದು, ಹಸು ಕರೆದು, ಅಡುಗೆ ಮುಗಿಸಬೇಕು. ನಾನು ಹೊರಡುವಾಗ ಅಣ್ಣತಮ್ಮಂದಿರಿಬ್ಬರೂ ಇನ್ನೂ ಮಲಗಿರುತ್ತಾರೆ.